ಸೈಲೆನ್ಸರ್ ತುದಿ ಬಾಗಿಲಾಚೆಗೇ ಇತ್ತು

ರಂಗಧಾಮ,

ಅಜ್ಜಿ ಆಸ್ಪತ್ರೆಯಲ್ಲಿದ್ದಾಳೆ. ಇನ್ನೂ ಎಚ್ಚರ ಬಂದಿಲ್ಲ. ಫೋನಿನಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ.

ಹಿತ್ತಲಿಗೆ ತಳ್ಳಿರುವ ಬೈಕನ್ನು ಮತ್ತೆ ಪಡಸಾಲೆಗೆ ತರಬೇಡ. ಬೆಳಗ್ಗೆ ಅದನ್ನು ಒಳಗೇ ಅರ್ಧ ಗಂಟೆ ರೇಸ್ ಮಾಡಿ, ಸರಿಹೋಗಲಿಲ್ಲವೆಂದು ಬಸ್ಸಿನಲ್ಲಿ ಗುಬ್ಬಿಗೆ ಹೋದೆಯಲ್ಲ, ಆಮೇಲೆ ಅವಳು ಏಳಲೇ ಇಲ್ಲ. ಡಾಕ್ಟರು, "ಮನೇಲಿ ಹೊಗೆ ಏನಾದ್ರೂ ಇತ್ತೇನ್ರೀ?" ಅಂದರು. ಇಲ್ಲ ಅಂದುಬಿಟ್ಟೆ. ಸೈಲೆನ್ಸರ್ ತುದಿ ಬಾಗಿಲಾಚೆಗೇ ಇತ್ತಲ್ಲ.

ಅವಳ ಸೀರೆ ಒಯ್ಯಲು ಬಂದವನಿಗೆ ಮನಸ್ಸು ತಡೆಯಲಿಲ್ಲ. ಸೈಲೆನ್ಸರ್ ಪೈಪು ಇಂಜಿನ್ನಿಗೆ ಸೇರುವ ಜಾಗಕ್ಕೆ ಸೋಪಿನ ನೀರು ಹಾಕಿ ಕಿಕ್ ಹೊಡೆದೆ. ಸುತ್ತಲೂ ನೊರೆ ಬುಳುಬುಳು ಎದ್ದಿತು. ಹೊಗೆ ಅಲ್ಲಿಂದಲೂ ಸೋರುತ್ತಿತ್ತು. ಪಡಸಾಲೆಯಲ್ಲಿ ಆ ಜಾಗಕ್ಕೂ ಅವಳ ದಿಂಬಿಗೂ ಎರಡೇ ಅಡಿ. ಈಗ ಡಾಕ್ಟರಿಗೆ ಹೇಳಲು ಓಡುತ್ತಿದ್ದೇನೆ.

"ಭಾನುವಾರ ಮಾತ್ರ ತಲೆನೋವು ಬರಾಕಿಲ್ಲ ಕಣ್ಲಾ" ಎಂದು ಅವಳು ಎಷ್ಟು ಸಲ ಹೇಳಿದಳು. "ಅಜ್ಜಿಗೂ ರಜೆ" ಅಂತ ನೀನು ನಕ್ಕೆ. ನಾನೂ ನಕ್ಕೆ. ನೀನು ಬೈಕ್ ಶುರು ಮಾಡದ ದಿನ ಅದೊಂದೇ.

ಒಲೆಯ ಮೇಲೆ ಅನ್ನ ಇದೆ, ತಿಂದೇ ಬಾ. ಅವಳ ಕನ್ನಡಕ ಕಿಟಕಿಯಲ್ಲಿದೆ, ಮರೆಯದೆ ತಾ.

ತುದಿ ಹೊರಗಿಟ್ಟರೆ ಸಾಕು ಎಂದು ನಿನಗೆ ಕಲಿಸಿದವನು ನಾನು. ಆಸ್ಪತ್ರೆಯಲ್ಲಿ ಯಾರು ಕೇಳಿದರೂ ಅಪ್ಪನೇ ಕಲಿಸಿದ್ದು ಎಂದೇ ಹೇಳು.

ಅಪ್ಪ