ಗಂಗೆ ಪೂಜೆಗೆಂದು ಬಾಗಿಲಿಗೆ ಮಣೆ ಕೊಟ್ಟವರಿಗೆ

ತುಮಕೂರು, ಹೊಸ ಪಂಚಾಂಗದ ಫೆಬ್ರವರಿ ಮೂವತ್ತು, ೨೧೯೧

ನಮ್ಮ ಹಿರೀಕರೇ,

ತಾರೀಖು ನೋಡಿ ನಗಬೇಡಿ, ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ಮಾತು ವಿಚಿತ್ರವಾಗಿ ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಇಂಗ್ಲಿಷ್ ಬೆರೆಸದಿದ್ದರೆ ನಿಮಗೆ ಅರ್ಥವಾಗುವುದಿಲ್ಲವಂತೆ. ಕಾಲೇಜಿನಲ್ಲಿ ಎರಡು ವರ್ಷ ಓದಿದ್ದೆ, ನೆನಪಿದ್ದಷ್ಟು ಹಾಕುತ್ತೇನೆ. ಆ ಭಾಷೆಯಲ್ಲಿ ಬೈಯುವ ಮುಂಚೆ ‘ವಿತ್ ಡ್ಯೂ ರೆಸ್ಪೆಕ್ಟ್’ ಎನ್ನಬೇಕೆಂದು ಮೇಷ್ಟ್ರು ಹೇಳಿಕೊಟ್ಟಿದ್ದರು. ಆದ್ದರಿಂದ ವಿತ್ ಡ್ಯೂ ರೆಸ್ಪೆಕ್ಟ್, ನಿಮ್ಮ ಮೇಲೆ ನನಗೆ ವಿಪರೀತ ಸಿಟ್ಟಿದೆ.

ನಮ್ಮಲ್ಲಿ ಬೇಸಗೆ ಒಂಬತ್ತು ತಿಂಗಳು. ಹಾಗಾಗಿ ಮನೆಮನೆಯ ಹಿತ್ತಲಲ್ಲೂ ಒಂದು ತಣ್ಗೊಳ ಇದೆ, ನೀವು ಸ್ವಿಮ್ಮಿಂಗ್ ಪೂಲ್ ಎನ್ನುತ್ತಿದ್ದದ್ದು. ನಿಮ್ಮಲ್ಲಿ ಅದು ಅನುಕೂಲಸ್ಥರ ಶೋಕಿ. ನಮಗೆ ಬಚ್ಚಲಿದ್ದ ಹಾಗೆ, ಇರಲೇಬೇಕು. ಮಧ್ಯಾಹ್ನವೆಲ್ಲ ಅದರಲ್ಲಿ ಎದೆಮಟ್ಟ ಕೂತು, ತೇಲುಹಲಗೆಯ ಮೇಲೆ ಹುರುಳಿಕಾಯಿ ಸೋಸುತ್ತೇವೆ. ಸುತ್ತ ಕಾಲಿಟ್ಟು ಹತ್ತಲಾಗದ ಬೇಲಿ, ಕೈ ಬಿಟ್ಟರೆ ತಾನೇ ಮುಚ್ಚಿಕೊಳ್ಳುವ ಬಾಗಿಲು, ಮಕ್ಕಳಿಗೆ ಎಟುಕದ ಚಿಲಕ. ಜನ ಸೇರಿದ ದಿನ ಒಬ್ಬರು ನೀರ್ಗಾವಲಿಗೆ ಕೂರಬೇಕು. ಅಂದರೆ ಕೆಂಪು ಶಾಲು ಹೊದ್ದು ನೀರನ್ನು ಮಾತ್ರ ನೋಡುವುದು. ಹರಟೆ ಇಲ್ಲ, ಊಟವಿಲ್ಲ, ಏಳಬೇಕಾದರೆ ಶಾಲನ್ನು ಇನ್ನೊಬ್ಬರಿಗೆ ಹೊದಿಸಿಯೇ ಏಳಬೇಕು. ನನ್ನ ಹೆಂಡತಿ ಅನ್ವಿತಾ ಇದ್ದಷ್ಟು ದಿನ ಆ ಶಾಲು ಅವಳದೇ ಆಗಿತ್ತು. ಅವಳು ಕಾಯಿಲೆಯಾಗಿ ತೀರಿಕೊಂಡ ಮೇಲೆ ಅದನ್ನು ಯಾರೂ ಹೊದೆಯಲಿಲ್ಲ, ನಾನು ಎತ್ತಿಕೊಂಡರೆ ನೆಂಟರಿಗೆ ನಗು.

ನಿಮ್ಮ ವಿಷಯಕ್ಕೆ ಬರುತ್ತೇನೆ. ಗಂಗೆ ಪೂಜೆಯನ್ನು ನೀವು ಬಾವಿಗೆ ಮಾಡಿದಿರಿ, ಆಮೇಲೆ ನಲ್ಲಿಗೆ ಮಾಡಿದಿರಿ, ಸರಿ. ಪೂಲಿನ ದಡಕ್ಕೆ ತಂದವರೂ ನೀವೇ. ಎರಡೂ ಕೈಯಲ್ಲಿ ತಟ್ಟೆ, ಬಿಂದಿಗೆ ಹಿಡಿದು ಬರುವವರಿಗೆ ಬಾಗಿಲು ಅಡ್ಡವಾಗುತ್ತದೆಂದು ಅದು ಮುಚ್ಚದ ಹಾಗೆ ಪೂಜೆಯ ಮಣೆಯನ್ನೇ ಒತ್ತು ಕೊಟ್ಟವರೂ ನೀವೇ. ಬೇಲಿ ಮಾಡಿಸಿದ ಕೈಯೇ ಬೇಲಿಯನ್ನು ಕೆಡಿಸಿತು. ಇದಕ್ಕೆ ಇಂಗ್ಲಿಷಿನಲ್ಲಿ ನೆಗ್ಲಿಜೆನ್ಸ್ ಎಂದೋ ಏನೋ ಒಂದು ದೊಡ್ಡ ಪದವಿತ್ತು. ನಮ್ಮವರು ಅದಕ್ಕೆ ಶಾಸ್ತ್ರ ಎನ್ನುತ್ತಾರೆ. ಬಾಗಿಲು ಮುಚ್ಚಿದರೆ ಗಂಗೆಗೆ ಅವಮಾನವಂತೆ!

ಹೋದ ವರ್ಷ ನನ್ನ ಮೊಮ್ಮಗನ ನಾಮಕರಣ. ಪೂಜೆ ಮುಗಿದು ಎಲ್ಲರೂ ಎಲೆಯ ಮುಂದೆ ಕೂತರು, ಬಾಗಿಲಿಗೆ ಮಣೆ ಹಾಗೇ ಇತ್ತು. ಅದನ್ನು ತೆಗೆಯಿರಿ, ಇಲ್ಲವೇ ನನಗೆ ಶಾಲು ಕೊಡಿ ಎಂದು ನಾನು ಗೋಗರೆಯುತ್ತಿದ್ದೆ. ಅನ್ವಿತಾಳ ತಮ್ಮ ಭಾರ್ಗವ ನನ್ನ ರಟ್ಟೆ ಹಿಡಿದು ಊಟಕ್ಕೆ ಕೂರಿಸಿದ.

“ಇಷ್ಟು ಜನ ಇದ್ದೀವಲ್ಲ ಭಾವ, ಮಕ್ಕಳೆಲ್ಲಿಗೆ ಹೋಗ್ತಾವೆ? ನೀರು ಕಂಡ್ರೆ ಸಾಕು, ನಿಮ್ ಮೈಮೇಲೆ ನಮ್ಮಕ್ಕ ಬರ್ತಾಳೆ.”

ಪಂಕ್ತಿಯೇ ನಕ್ಕಿತು. ಮೊಮ್ಮಗಳು ಧಾತ್ರಿಗೆ ಆಗ ಎರಡೂವರೆ ವರ್ಷ. ಪೂಜೆಯ ಚೆಂಡುಹೂಗಳು ನೀರಿನ ಮೇಲೆ ತೇಲುತ್ತಿದ್ದವು, ಮಗುವಿಗೆ ಒಂದು ಹೂ ಬೇಕಿತ್ತು, ಅಷ್ಟೇ. ಮುಳುಗುವ ಮಗು ಕಿರುಚುತ್ತದೆ, ಕೈಕಾಲು ಬಡಿಯುತ್ತದೆ ಎಂದು ನಿಮಗೆ ಯಾರು ಹೇಳಿದರು? ಪಾಯಸದ ಸೌಟಿನ ಸದ್ದಿತ್ತು, ನೀರಿನ ಸದ್ದಿರಲಿಲ್ಲ. ಸೊಸೆ ಮನಸ್ವಿ ಕೂಸನ್ನು ಮಲಗಿಸಿ ಬಂದು ಸುಮ್ಮನೆ ಕೇಳಿದಳು, “ಧಾತ್ರಿ ಯಾರ ಹತ್ರ ಇದ್ದಾಳೆ?”

ಇನ್ನೊಬ್ಬರ ಹತ್ತಿರ ಇದ್ದಾಳೆಂದು ಅಲ್ಲಿದ್ದ ಪ್ರತಿಯೊಬ್ಬರೂ ತಿಳಿದಿದ್ದರು.

ನೀರಿನಿಂದ ಎತ್ತಿದಾಗ ಉಸಿರಿರಲಿಲ್ಲ. ಆಗಲೂ ನಮ್ಮವರು ತಮ್ಮ ಬುದ್ಧಿ ಬಿಡಲಿಲ್ಲ, ಕಾಲು ಹಿಡಿದು ತಲೆಕೆಳಗು ಮಾಡಿ ನೀರು ಕಕ್ಕಿಸಲು ಹೊರಟರು. ಮನಸ್ವಿ ಮಗುವನ್ನು ಕಿತ್ತುಕೊಂಡು ನೆಲಕ್ಕೆ ಮಲಗಿಸಿ, ಬಾಯಿಗೆ ಬಾಯಿಟ್ಟು ಉಸಿರು ಊದಿ, ಎದೆ ಒತ್ತುತ್ತ ಹೋದಳು. ಅದನ್ನು ಅವಳಿಗೆ ಕಲಿಸಿದ್ದು ಅತ್ತೆ. ಧಾತ್ರಿ ಉಳಿದಳು. ನೀವೀಗ ಸದ್ಯ ಎಂದಿರಿ, ಅಲ್ಲವೇ? ನಮ್ಮವರೂ ಅಂದರು. ಗಂಗಮ್ಮ ಕಾಪಾಡಿದಳು ಎಂದು ಕೈಮುಗಿದರು, ಆರಿದ ಪಾಯಸವನ್ನು ಬಿಸಿ ಮಾಡಿ ಕುಡಿದರು. ಮಣೆಯ ಸುದ್ದಿಯನ್ನು ಯಾರೂ ಎತ್ತಲಿಲ್ಲ.

ನಾಡಿದ್ದು ಆ ಕೂಸಿನ ಮೊದಲ ಹುಟ್ಟುಹಬ್ಬ. ಗೋಡೆ ಹಿಡಿದು ನಡೆಯುತ್ತಾನೆ, ತೆರೆದ ಬಾಗಿಲು ಕಂಡರೆ ಕೇಕೆ ಹಾಕುತ್ತಾನೆ. ಅದೇ ನೆಂಟರು ಬರುತ್ತಾರೆ. ಅದೇ ಮಣೆಯನ್ನು ತೊಳೆದು ಬಿಸಿಲಿಗಿಟ್ಟಿದ್ದಾರೆ.

ಈ ಸಲ ನಾನೂ ಮನಸ್ವಿಯೂ ಯಾರನ್ನೂ ಕೇಳುವುದಿಲ್ಲ. ಅವಳು ಒಬ್ಬಳೇ ಒಳಗೆ ಹೋಗಿ ಬಿಂದಿಗೆ ತುಂಬಿ ಹೊರಗೆ ತರುತ್ತಾಳೆ, ಬಾಗಿಲು ಮುಚ್ಚಿಕೊಳ್ಳುತ್ತದೆ. ಪೂಜೆ ಅಂಗಳದಲ್ಲಿ, ಆ ಬಿಂದಿಗೆಗೆ. ನಾನು ಬೇಲಿಯ ಪಕ್ಕ ಶಾಲು ಹೊದ್ದು ಕೂತಿರುತ್ತೇನೆ, ನನ್ನ ಎಲೆ ಖಾಲಿ ಇದ್ದರೆ ಇರಲಿ. ಭಾರ್ಗವನಿಗೆ ಈಗಾಗಲೇ ಸುದ್ದಿ ಮುಟ್ಟಿದೆ. ಇದು ಯಾವ ಕಾಲದ ಶಾಸ್ತ್ರ ಭಾವ, ಹಿರೀಕರು ಯಾರಾದರೂ ಹೀಗೆ ಮಾಡಿದ್ದುಂಟಾ ಎಂದು ಕೇಳಿಕಳಿಸಿದ್ದಾನೆ.

ಅದಕ್ಕೇ ಈ ಕಾಗದ. ನಿಮ್ಮ ಹತ್ತಿರ ಇನ್ನೂ ಕಾಲವಿದೆ. ಇವತ್ತೇ ಬಾಗಿಲು ಹಾಕಿ, ಗಂಗೆಯನ್ನು ಹೊರಗೆ ತಂದು ಪೂಜೆ ಮಾಡಿ. ಹಿರೀಕರು ಮಾಡಿದ್ದರು ಎಂದು ನಾಡಿದ್ದು ನಾನು ಅವನಿಗೆ ಹೇಳಬೇಕು.

ಸಿಟ್ಟು ಇಳಿಯದ,
ನಿಮ್ಮ ಮರಿಮಕ್ಕಳ ಮೊಮ್ಮಗ,
ಸುಮೇಧ