ಐದೂವರೆ ಗಂಟೆ ತಡವಾದ ತಟ್ಟೆ

ಜೀವಕೋಶಗಳ ಕೋಣೆಯ ಹೊರಗಿನ ಬೆಂಚು,
ಗುರುವಾರ, ಹದಿನಾಲ್ಕನೇ ತಾರೀಕು, ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮಂಡಿ ನೋವು ಕಡಿಮೆಯಾಯಿತೇ? ತಂಗಿಯ ಮಗು ಹಗಲೆಲ್ಲ ಮಲಗಿ ರಾತ್ರಿ ಕಣ್ಣು ಬಿಡುತ್ತದೆ ಎಂದೆಯಲ್ಲ, ಬೈಯಬೇಡ. ಅದರ ಒಳಗಿನ ಗಡಿಯಾರ ಇನ್ನೂ ಹೊಂದಿಕೊಂಡಿಲ್ಲ. ಭಾವ ನಾಳೆ ಅಲ್ಲಿಗೆ ವಾಪಸು ವಿಮಾನ ಹತ್ತುತ್ತಾರೆ, ಈ ಕಾಗದ ಅವರ ಕೈಯಲ್ಲಿ ಬರುತ್ತದೆ. ಫೋನಿನಲ್ಲಿ ಇಷ್ಟೆಲ್ಲ ಹೇಳಲಾಗುವುದಿಲ್ಲ. ನೀನು ಮಾತ್ರೆ ನುಂಗುವಷ್ಟು ಹೊತ್ತು ನಮ್ಮ ಮಾತು, ಅಷ್ಟರಲ್ಲಿ ತಂಗಿ "ಮೆಲ್ಲಗೆ, ಪಾಪು ಏಳುತ್ತೆ" ಎಂದು ಫೋನು ಕಸಿಯುತ್ತಾಳೆ.

ನನಗೊಂದು ಗೊಂದಲ ಹತ್ತಿಕೊಂಡಿದೆ. ನನ್ನ ಕೆಲಸವೇನೆಂದು ನೀನು ಕೇಳಿದಾಗಲೆಲ್ಲ ಜಾರಿಕೊಂಡಿದ್ದೇನೆ, ಈಗ ಹೇಳಲೇಬೇಕು. ಚಿಕ್ಕಂದಿನಲ್ಲಿ ನೀನು ಹಿಂಡುತ್ತಿದ್ದ ನನ್ನ ಕಿವಿ ಮುರಿಯದೆ ಬಾಗುತ್ತಿದ್ದದ್ದು ಒಳಗಿನ ಮೃದ್ವಸ್ಥಿಯಿಂದ. ಹೊಟ್ಟೆಯಲ್ಲಿರುವ ಮಗುವಿನ ಕೈಕಾಲಿನ ಮೂಳೆಗಳೂ ಮೊದಲು ಮೃದ್ವಸ್ಥಿಯಾಗಿಯೇ ಬೆಳೆದು ಆಮೇಲೆ ಗಟ್ಟಿಯಾಗುತ್ತವೆ. ಅದನ್ನು ಕಟ್ಟುವ ಒಂದೊಂದು ಜೀವಕೋಶದಲ್ಲೂ ಹಗಲು ರಾತ್ರಿ ಎಣಿಸುವ ಜೀನುಗಳಿವೆ. ನಾವು ಅಂಥ ಕೋಶಗಳನ್ನು ಎರಡು ತಟ್ಟೆಗಳಲ್ಲಿ ಬೆಳೆಸುತ್ತೇವೆ. ಎರಡನೆಯದರಲ್ಲಿ ಒಂದು ಗಡಿಯಾರದ ಜೀನನ್ನು ಸುಮ್ಮನಿರಿಸಿದ್ದೇವೆ. ಕೋಶಗಳು ದಿನಕ್ಕೊಮ್ಮೆ ಮಿಂಚಿ ಮಂಕಾಗುತ್ತವೆ. ಯಂತ್ರ ಅದನ್ನು ಗೆರೆಯಾಗಿ ಬರೆಯುತ್ತದೆ. ಹಳೆಯ ಪೋಷಕ ದ್ರವ ತೆಗೆದು ಹೊಸದು ಹಾಕಿದ ಗಳಿಗೆಯೇ ಅವಕ್ಕೆ ಬೆಳಗು. ಹಾಗಾಗಿ ಎರಡಕ್ಕೂ ಬೆಳಗ್ಗೆ ಎಂಟಕ್ಕೇ ಹಾಕಬೇಕು.

ಎರಡನೇ ತಟ್ಟೆಯ ಗೆರೆ ಐದೂವರೆ ಗಂಟೆ ತಡವಾಗಿ ಏರಿದೆ. ನಮ್ಮ ಪ್ರಯೋಗಾಲಯ ನಡೆಸುವ ಮೇಡಂ ಹಿಗ್ಗಿಹೋಗಿದ್ದಾರೆ. "ನೋಡಿದ್ಯೇನಪ್ಪಾ, ಒಂದು ಜೀನು ಬಾಯಿ ಮುಚ್ಕೊಂಡ್ರೆ ಎಂಥಾ ಸೋಮಾರಿಗಳಾಗ್ತವೆ!" ಎಂದು ಎಲ್ಲರಿಗೂ ಕಾಫಿ ಕೊಡಿಸಿದರು. ನಾಳೆ ದೊಡ್ಡ ಸಭೆಯಲ್ಲಿ ಇದನ್ನೇ ಓದುತ್ತಾರೆ. ಮೂರು ವರ್ಷದ ದುಡಿಮೆಗೆ ಮೊದಲ ಫಲ. ನಾನು ಮಾತ್ರ ಲೋಟ ಕೆಳಗಿಟ್ಟು ಆ ಅಂಕಿಯನ್ನು ಮತ್ತೆ ಓದಿದೆ. ನಿನ್ನ ಹೊತ್ತಿಗೂ ನನ್ನ ಹೊತ್ತಿಗೂ ಇರುವ ಅಂತರವೂ ಐದೂವರೆ ಗಂಟೆಯೇ.

ಫೋನಿನಲ್ಲಿ ಎರಡು ಅಲಾರಂ ಇಟ್ಟಿದ್ದೇನೆ. ಒಂದು ಕೋಶಗಳಿಗೆ. ಇನ್ನೊಂದು ನಿನ್ನ ಥೈರಾಯ್ಡ್ ಮಾತ್ರೆಗೆ, ಅಲ್ಲಿ ಎಂಟಾದಾಗ, ಅಂದರೆ ಇಲ್ಲಿ ಮಧ್ಯಾಹ್ನ ಒಂದೂವರೆಗೆ. ಎರಡಕ್ಕೂ "ಎಂಟು" ಎಂದೇ ಹೆಸರು. ಕಳೆದ ವಾರ ಮಂಗಳವಾರ ಮೊದಲ ತಟ್ಟೆ ಮುಗಿಸುವಷ್ಟರಲ್ಲಿ ಗ್ಯಾಸ್ ಸಿಲಿಂಡರಿನವನು ಸಹಿ ಬೇಕೆಂದು ಬಾಗಿಲು ಬಡಿದ. ಎದ್ದುಹೋದೆ. ಹಿಂದಿರುಗಿ ಎರಡನೆಯದನ್ನು ಆಗಲೇ ಮಾಡಿದೆನೋ, ಮಧ್ಯಾಹ್ನ ಅಲಾರಂ ಹೊಡೆದಾಗ ನೆನಪಾಗಿ ಮಾಡಿದೆನೋ? ದಾಖಲೆ ಪುಸ್ತಕದಲ್ಲಿ ಎರಡರ ಮುಂದೆಯೂ ನನ್ನ ಕೈಯಲ್ಲೇ "ಎಂಟು" ಎಂದಿದೆ. ಅಲಾರಂ ಮೇಲೆ ಕಂಡ ಹೆಸರನ್ನೇ ಬರೆದುಬಿಡುವ ಅಭ್ಯಾಸ. ಕೈ ತೊಳೆದದ್ದು ನೆನಪಿದೆ, ಆದರೆ ಕೈಯನ್ನು ದಿನಕ್ಕೆ ಇಪ್ಪತ್ತು ಸಲ ತೊಳೆಯುತ್ತೇನೆ. ತಡಮಾಡಿದ್ದು ಜೀನೋ ನಾನೋ ತಿಳಿಯುತ್ತಿಲ್ಲ. ಬಾಯಿಬಿಟ್ಟು, ಆಮೇಲೆ ಜೀನೇ ಎಂದಾದರೆ, ಮೇಡಂ ಅವರ ದಿನವನ್ನು ಸುಮ್ಮನೆ ಹಾಳು ಮಾಡಿದಂತೆ. ಬಾಯಿಬಿಡದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಅದೇ ಕಷ್ಟ.

ಮಗುವಿನ ಕಿವಿಗೆ ನನ್ನದೊಂದು ಮುತ್ತು. ನೀನು ಈಗಲೇ ಹಿಂಡಲು ಶುರುಮಾಡಬೇಡ. ನಿನ್ನ ಆಶೀರ್ವಾದ ಈ ವಾರ ಸ್ವಲ್ಪ ಹೆಚ್ಚಿಗೆ ಬೇಕು.

ನಿನ್ನ
ದೊಡ್ಡ ಮಗ

ತಾ.ಕ.: ಲಕೋಟೆ ಅಂಟಿಸುವಾಗ ಅಲಾರಂ ಹೊಡೆಯಿತು, ನಿನಗೆ ಫೋನು ಮಾಡಿದೆ. "ಇವತ್ತು ಗಟ್ಟಿಯಾಗಿ ಮಾತಾಡ್ತಿದೀಯಲ್ಲೋ! ಪಾಪುಗೆ ಚುಚ್ಚುಮದ್ದು ಹಾಕ್ಸೋಕೆ ಹೊರಟಿದ್ವಲ್ಲ, ಆ ಮಂಗಳವಾರ ಕಳ್ಳನ ಹಾಗೆ ಪಿಸಪಿಸ ಅಂತಿದ್ದೆ, ಕೈಯಲ್ಲಿ ಗ್ಲೌಸಿದೆ, ಬೇಗ ನುಂಗಮ್ಮಾ ಅಂತ" ಎಂದು ನೀನು ನಕ್ಕೆ. ಕೋಶಗಳ ಕೋಣೆಯೊಳಗೆ ಫೋನು ನಿಷಿದ್ಧ, ಅಮ್ಮ. ನಾನು ಪಿಸುಗುಟ್ಟುವುದು ಅಲ್ಲಿ ಮಾತ್ರ. ಆ ಮಧ್ಯಾಹ್ನ ಗ್ಲೌಸು ತೊಟ್ಟು ಅಲ್ಲಿದ್ದೆನೆಂದರೆ ಅದು ಎರಡನೇ ತಟ್ಟೆಗೇ. ಪುಸ್ತಕದಲ್ಲಿ ಅದರ ಮುಂದಿನ ಎಂಟನ್ನು ಹೊಡೆದುಹಾಕಿ ಒಂದೂವರೆ ಎಂದು ಬರೆದೆ. ಮೇಡಂ ಕೋಣೆಯಲ್ಲಿದ್ದಾರೆ, ಕಿವಿ ಹಿಂಡಿಸಿಕೊಳ್ಳಲು ಹೊರಟೆ. ನಿನ್ನ ಅಲಾರಂ ತೆಗೆದಿಲ್ಲ. ಅದರ ಹೆಸರನ್ನು ಮಾತ್ರ "ಅಮ್ಮ" ಎಂದು ಬದಲಿಸಿದ್ದೇನೆ.