ಅಪ್ಪ ಒರೆಸಿದ ಪುಡಿ

ಜನವರಿ ೧೧, ಭಾನುವಾರ. ಕೋರಮಂಡಲ್.

ಕೈಯಿಂದ ಬ್ಲೀಚಿಂಗ್ ಪೌಡರ್ ವಾಸನೆ ಇನ್ನೂ ಹೋಗಿಲ್ಲ.

ಆಗಸ್ಟ್‌ನಲ್ಲಿ ನನ್ನ ಒಂಬತ್ತನೆಯ ತರಗತಿಯ ಮಕ್ಕಳಿಗೆ ತೋರಿಸಲೆಂದು ಜರಿಗಿಡದ ಎಲೆಯೊಂದನ್ನು ಬಿಳಿ ಹಾಳೆಯ ಮೇಲೆ ಮಗುಚಿಟ್ಟಿದ್ದೆ. ಮರುದಿನ ಕಂದು ಪುಡಿ ಉದುರಿತ್ತು. ಹೂವಿಲ್ಲ, ಬೀಜವಿಲ್ಲ, ಅದರ ಸಂತಾನವೆಲ್ಲ ಆ ಪುಡಿಯಲ್ಲೇ. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಪ್ಪ ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಹಿತ್ತಲ ನಲ್ಲಿಯ ಗೋಡೆಗೆ ಹಿಂಡಿಬಿಟ್ಟಿದ್ದ. ಕೂಗಾಡಿದೆ.

“ಒಣ ಧೂಳು ಮನೇಲಿರಬಾರ್ದು ಕಣಮ್ಮ. ಗಣಿ ಒಳಗೂ ನೀರು ಬಿಟ್ಕೊಂಡೇ ಡ್ರಿಲ್ ಒಡೀತಿದ್ವಿ,” ಅಂದ, ಕೆಮ್ಮಿನ ನಡುವೆ. ಇಲ್ಲಿನ ಚಿನ್ನದ ಗಣಿಯ ಇಪ್ಪತ್ತೆರಡು ವರ್ಷದ ಧೂಳು ಅವನ ಎದೆಯಲ್ಲಿತ್ತು. ಸೆಪ್ಟೆಂಬರಿನಲ್ಲಿ ತೀರಿಕೊಂಡ. ಕೂಗಾಡಿದ್ದಕ್ಕೆ ತಪ್ಪಾಯಿತು ಅಂತ ನಾನು ಹೇಳಲೇ ಇಲ್ಲ.

ಇವತ್ತು ಅಮ್ಮ, “ಈ ವರ್ಷ ನಮಗೆ ಪೊಂಗಲ್ ಇಲ್ಲ. ಅದಕ್ಕಂತ ಗೋಡೆ ಮೇಲೆ ಪಾಚಿ ಇಟ್ಕಳಕ್ಕಾಯ್ತದಾ? ಉಜ್ಜೇ,” ಅಂದಳು. ಉಜ್ಜಿದೆ. ಬ್ಲೀಚಿಂಗ್ ಪೌಡರಿಗೆ ನಲ್ಲಿಯ ಗೋಡೆ ಬೆಳ್ಳಗಾಯಿತು. ಬ್ರಷ್ ತೊಳೆಯುವಾಗ ಅದರಲ್ಲಿ ಕಂಡವು: ಉಗುರಿಗಿಂತ ಚಿಕ್ಕ, ಹೃದಯದಾಕಾರದ ಹಸಿರು ಚೂರುಗಳು. ಜರಿಗಿಡದ ಪುಡಿ ಮೊಳೆತರೆ ಮೊದಲು ಆಗುವುದು ಇದೇ. ಮೇಲೆ ನೀರಿನ ತೆಳುಪೊರೆ ಇದ್ದರೆ ಮಾತ್ರ ಗಂಡುಕಣ ಈಜಿಹೋಗಿ ಹೆಣ್ಣುಕಣವನ್ನು ಸೇರುತ್ತದೆ. ಸೇರಿಯೂ ಇತ್ತು. ಒಂದು ಚೂರಿನಲ್ಲಿ ಅಕ್ಕಿಕಾಳಿನಷ್ಟು ಮೊದಲ ಎಲೆ ಎದ್ದಿತ್ತು.

ಹನ್ನೆರಡು ವರ್ಷದಿಂದ ಇದನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದೇನೆ. ಕಣ್ಣಾರೆ ನೋಡಿದ್ದು ಇವತ್ತು, ಬ್ರಷ್ಷಿನಲ್ಲಿ.

ಲೋಟದ ನೀರಿಗೆ ಹಾಕಿಟ್ಟಿದ್ದೇನೆ. ಚೂರುಗಳ ಅಂಚು ಆಗಲೇ ಬಿಳಿಚಿಕೊಂಡಿದೆ. “ಏನೇ ಅದು?” ಅಂತ ಅಮ್ಮ ಕೇಳಿದಳು.

ಪಾಚಿ ಅಂದೆ.